ಮೇಲಿನ ಮಂಚ ಯಾರಿಗೆ

ನವೆಂಬರ್ ೬, ೧೯೩೮, ಭಾನುವಾರ

ನಾನು ದೊಡ್ಡತಾಯಮ್ಮ. ಮಳವಳ್ಳಿಯ ಶೇಕ್ದಾರರ ಮಗಳು, ನಿಡಘಟ್ಟದ ಪಟೇಲರ ಮನೆಯ ಹಿರಿಯ ಸೊಸೆ, ಯಜಮಾನರು ತೀರಿಕೊಂಡ ಮೇಲೆ ಮಂಡ್ಯದ ಈ ಎರಡಂತಸ್ತಿನ ಮನೆಗೆ ಯಜಮಾನಿ. ನಾಲೆಯ ಕೆಳಗೆ ನಮ್ಮ ಅರುವತ್ತು ಎಕರೆ ಕಬ್ಬಿದೆ. ನಾನು ಜಗುಲಿಗೆ ಬಂದರೆ ಕೂತವರು ಏಳುತ್ತಾರೆ. ಬೀಡಿ ಸೇದುತ್ತಿದ್ದವರು ಅದನ್ನು ಅಂಗೈಯೊಳಗೆ ಮುಚ್ಚಿಕೊಂಡು ಸುಟ್ಟುಕೊಳ್ಳುತ್ತಾರೆ. ಮೈಸೂರಿನಲ್ಲಿದ್ದು ಹೈಸ್ಕೂಲಿನವರೆಗೆ ಓದಿದ್ದೇನೆ. ಇಂಗ್ಲಿಷ್ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಂಡವಳಲ್ಲ. ಇದನ್ನೆಲ್ಲ ಜಂಬಕ್ಕೆ ಬರೆಯುತ್ತಿಲ್ಲ. ಇದು ಹೊಸ ಪುಸ್ತಕ; ತಾನು ಯಾರ ಕೈಗೆ ಬಂದಿದ್ದೇನೆಂದು ಅದಕ್ಕೂ ತಿಳಿದಿರಲಿ.

ಇದನ್ನು ಶುರುಮಾಡಲು ಕಾರಣ ಎಂಜಿನಿಯರರ ಹೆಂಡತಿ ಯಶೋದಮ್ಮ. ಇಂದು ಮಹಿಳಾ ಸಮಾಜದಲ್ಲಿ ಆಕೆ ತಾವಿಬ್ಬರೂ ಬೊಂಬಾಯಿಯಿಂದ ಕೊಲಂಬೋಗೆ ವಿಹಾರದ ಹಡಗಿನಲ್ಲಿ ಹೋಗಿಬರುವುದಾಗಿ ಹೇಳಿದಳು. ಹನ್ನೆರಡು ದಿನವಂತೆ. ಊಟಕ್ಕೆ ಕೂತರೆ ಬ್ಯಾಂಡು ಬಾರಿಸುತ್ತಾರಂತೆ, ನಲ್ಲಿ ತಿರುಗಿಸಿದರೆ ಬಿಸಿನೀರಂತೆ. ನಾನು ಒಂದೆರಡು ಪ್ರಶ್ನೆ ಕೇಳಿದೆ. ಆಕೆ ನಕ್ಕು, "ನಿಮಗೆ ಅದೆಲ್ಲ ಒಗ್ಗೋದಿಲ್ಲ ದೊಡ್ಡತಾಯಮ್ಮನೋರೆ. ಹಡಗಿನಲ್ಲಿ ಇನ್ನೊಬ್ಬರು ಹೇಳಿದ ಹಾಗೆ ಕೇಳಬೇಕಾಗ್ತದೆ" ಎಂದಳು.

ನಾನೂ ಅದೇ ಹಡಗಿನಲ್ಲಿ ಹೋಗುತ್ತಿದ್ದೇನೆಂದು ಹದಿನೆಂಟು ಜನ ಹೆಂಗಸರ ಎದುರು ಹೇಳಿದೆ. ಅದು ಯಾವ ತಿಂಗಳು ಹೊರಡುತ್ತದೆಂದು ಆಮೇಲೆ ವಿಚಾರಿಸಿಕೊಂಡೆ. ಫೆಬ್ರವರಿಯಲ್ಲಂತೆ.

ನಾನಿಲ್ಲದಾಗ ಮನೆಗೆ ರೇವಮ್ಮ ಇದ್ದಾಳೆ. ನಮ್ಮ ಯಜಮಾನರ ತಂಗಿ. ಹದಿಮೂರನೆಯ ವಯಸ್ಸಿಗೆ ಗಂಡ ಸತ್ತು ತೌರಿಗೆ ಬಂದವಳು. ಅದೇ ವರ್ಷ ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದೆ. ಮೂವತ್ತೇಳು ವರ್ಷವಾಯಿತು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಅವಳನ್ನು ಬಿಟ್ಟುಹೋದರೆ ಬೀಗದ ಖರ್ಚು ಉಳಿಯುತ್ತದೆ.

ನವೆಂಬರ್ ೯, ಬುಧವಾರ

ನಜೀರ್ ಅಹ್ಮದ್ ಅವರನ್ನು ಕರೆಸಿದೆ. ಪೇಟೆಬೀದಿಯಲ್ಲಿ ಅವರದು ಟ್ರಂಕಿನ ಅಂಗಡಿ. ಹಜ್ಜಿಗೆ ಹೋಗುವವರಿಗೆ ಬೊಂಬಾಯಿಯಿಂದ ಹಡಗಿನ ಟಿಕೆಟ್ಟು ಮಾಡಿಸಿಕೊಡುವವರೂ ಅವರೇ. ಮಂಡ್ಯದಲ್ಲಿ ಹಡಗೆಂದರೆ ಅವರೊಬ್ಬರಿಗೇ ಗೊತ್ತು. ವಿಹಾರದ ಹಡಗಿಗೆ ಅವರು ಇದುವರೆಗೆ ಯಾರನ್ನೂ ಹತ್ತಿಸಿಲ್ಲವಂತೆ. ಹಾಗಾದರೆ ಇಬ್ಬರಿಗೂ ಇದು ಮೊದಲನೆಯದು ಎಂದೆ.

ಅವರು ಒಂದು ನಕ್ಷೆ ತಂದಿದ್ದರು. ಬಿಚ್ಚಿದರೆ ಪಡಸಾಲೆಯ ಅರ್ಧ ಮುಚ್ಚಿತು. ಪೆಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲು ಕೋಣೆಗಳು, ಒಂದೊಂದಕ್ಕೂ ನಂಬರು. ಅವಕ್ಕೆ ಕ್ಯಾಬಿನ್ನು ಎನ್ನುತ್ತಾರೆ. ನಮ್ಮ ಬಚ್ಚಲುಮನೆ ಇದಕ್ಕಿಂತ ದೊಡ್ಡದು. ಸಮುದ್ರದ ಕಡೆಗೆ ದುಂಡು ಕಿಟಕಿ ಇರುವವು ಹೆಚ್ಚಿನವು. ನಾನು ಮೂವತ್ತೊಂದನ್ನು ಆರಿಸಿದೆ. ಯಶೋದಮ್ಮನದು ಇಪ್ಪತ್ತೊಂಬತ್ತು.

ಮಲಗಿದಾಗ ತಲೆ ಯಾವ ದಿಕ್ಕಿಗೆ ಬರುತ್ತದೆಂದು ಕೇಳಿದೆ. ನಜೀರರು ಗಡ್ಡ ನೀವಿಕೊಂಡು, "ಹಡಗು ತಿರುಗ್ತಾ ಇರ್ತದೆ ಅಮ್ಮಾವ್ರೆ. ಬೆಳಿಗ್ಗೆ ಪೂರ್ವಕ್ಕಿದ್ದ ತಲೆ ಸಾಯಂಕಾಲಕ್ಕೆ ಎತ್ತ ಇರ್ತದೋ" ಎಂದರು. ಉತ್ತರಕ್ಕೆ ತಲೆ ಬಾರದಂತೆ ನಡೆಸಲು ಸಾಧ್ಯವೇ ಎಂದು ಕಂಪನಿಗೆ ಬರೆದು ಕೇಳಲು ಹೇಳಿದ್ದೇನೆ.

ಒಂದು ತೊಡಕಿದೆ. ಕ್ಯಾಬಿನ್ನು ಇಬ್ಬರದು. ಎರಡನೆಯ ಜಾಗಕ್ಕೆ ನಾನು ಹೆಸರು ಕೊಡದಿದ್ದರೆ ಕಂಪನಿಯವರು ಯಾವಳೋ ಅಪರಿಚಿತಳನ್ನು ತಂದು ಹಾಕುತ್ತಾರೆ. ಅಲ್ಲಿ ನನ್ನ ಟ್ರಂಕುಗಳನ್ನು ಮಲಗಿಸುತ್ತೇನೆ ಎಂದೆ. ಟ್ರಂಕಿಗೆ ಹೆಸರಿರಬೇಕಲ್ಲ ಅಮ್ಮಾವ್ರೆ ಎಂದರು. ಡಿಸೆಂಬರ್ ಹತ್ತರೊಳಗೆ ಎರಡೂ ಹೆಸರು ಬೊಂಬಾಯಿಗೆ ತಲುಪಬೇಕು. ಇಲ್ಲವಾದರೆ ಕ್ಯಾಬಿನ್ನು ಬೇರೆಯವರಿಗೆ.

ನವೆಂಬರ್ ೧೪, ಸೋಮವಾರ

ಐದು ದಿನ ಯೋಚಿಸಿದೆ. ಸೊಸೆಗೆ ಈಗ ಏಳನೆಯ ತಿಂಗಳು. ನನ್ನ ತಂಗಿಗೆ ಎತ್ತಿನ ಗಾಡಿಯಲ್ಲೇ ತಲೆ ತಿರುಗುತ್ತದೆ. ಉಳಿದವರ ಜೊತೆ ಹನ್ನೆರಡು ದಿನ ಒಂದೇ ಕೋಣೆಯಲ್ಲಿ ಇದ್ದರೆ ಇಬ್ಬರಲ್ಲಿ ಒಬ್ಬರು ಸಮುದ್ರಕ್ಕೆ ಬೀಳುತ್ತೇವೆ. ರೇವಮ್ಮನನ್ನೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಕಾಲು ಒತ್ತಲಿಕ್ಕೆ ಒಬ್ಬರು ಬೇಕೇಬೇಕು.

ಅವಳಿಗೆ ಹೇಳಿದಾಗ ರಾಗಿ ಕೇರುತ್ತಿದ್ದಳು. ಮೊರ ನಿಂತಿತು. ಅವಳು ಮೈಸೂರು ದಾಟಿ ಎಲ್ಲಿಗೂ ಹೋದವಳಲ್ಲ. ಅದೂ ಒಂದೇ ಸಲ, ಅಣ್ಣನ ಮದುವೆಯ ಜವಳಿಗೆ. ಹೆದರಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮೊರವನ್ನು ಕೆಳಗಿಟ್ಟು, "ಆ ದುಂಡು ಕಿಟಕಿ ನಮ್ಮ ಕೋಣೆಗೂ ಐತಾ ಅತ್ಗಮ್ಮ?" ಎಂದಳು. ಬಾಗಿಲ ಹಿಂದೆ ನಿಂತು ನಕ್ಷೆಯ ಮಾತೆಲ್ಲ ಕೇಳಿಸಿಕೊಂಡಿದ್ದಾಳೆ.

ಮಧ್ಯಾಹ್ನ ನಕ್ಷೆಯ ಅಳತೆಯಲ್ಲೇ ಪಡಸಾಲೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕ್ಯಾಬಿನ್ನನ್ನು ಬರೆದೆ. ಬಾಗಿಲು, ಕೈತೊಳೆಯುವ ಜಾಗ, ಕಿಟಕಿಯ ಕೆಳಗೆ ಮಂಚ. ನಕ್ಷೆಯಲ್ಲಿ ಒಂದೇ ಮಂಚ ಇದೆ, ಅದು ನನ್ನದು. ರೇವಮ್ಮನ ಚಾಪೆಗೆ ಪಕ್ಕದಲ್ಲಿ ಜಾಗ ಸಾಕು. ಚಾಪೆಯನ್ನು ಯಾರೂ ನಕ್ಷೆಯಲ್ಲಿ ಬರೆಯುವುದಿಲ್ಲವಷ್ಟೆ. ಅವಳನ್ನು ಮಲಗಿಸಿ ನೋಡಿದೆ. ಕಾಲು ಬಾಗಿಲಿನಿಂದ ನಾಲ್ಕು ಬೆರಳು ಆಚೆ ಹೋಯಿತು. ಮಡಿಸಿಕೊಳ್ಳಲಿ.

ನವೆಂಬರ್ ೧೬, ಬುಧವಾರ

ನಜೀರರು ಬಂದು ರಂಗೋಲಿಯ ಬಾಗಿಲಿನಿಂದಲೇ ಒಳಗೆ ಬಂದರು. ಸಭ್ಯರು. ಚಾಪೆಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ಹೇಳಿದರು.

"ಹಡಗಲ್ಲಿ ಚಾಪೆ ನಡೆಯಾಕಿಲ್ಲ ಅಮ್ಮಾವ್ರೆ. ಇನ್ನೊಂದು ಮಂಚ ಐತೆ. ನಕ್ಷೆ ಮ್ಯಾಲಿಂದ ನೋಡಿ ಬರೆದಿರಾದು. ಒಂದರ ಮ್ಯಾಲೊಂದು ಇದ್ರೆ ಒಂದೇ ಕಾಣ್ತದೆ."

ಎಂದರೆ ನನ್ನ ಮಂಚದ ಮೇಲೆ ಮೂರಡಿ ಎತ್ತರದಲ್ಲಿ ಗೋಡೆಗೆ ಇನ್ನೊಂದು ಮಂಚ ಹೊಡೆದಿರುತ್ತಾರೆ. ಅಲ್ಲಿಗೆ ಏಣಿ. ದುಂಡು ಕಿಟಕಿ ಇರುವುದು ಆ ಮೇಲಿನ ಮಂಚದ ಮಗ್ಗುಲಿಗೆ.

ಈ ಮನೆ ಕಟ್ಟಿಸಿದಾಗ ನನ್ನ ಮಲಗುವ ಕೋಣೆಯ ಮೇಲೆ ಬರೀ ಅಟ್ಟ ಬರಬೇಕು, ರಾಗಿ ಮೂಟೆ ಬಿಟ್ಟು ಬೇರೆ ಯಾವ ಪ್ರಾಣಿಯೂ ಅಲ್ಲಿ ಮಲಗಕೂಡದು ಎಂದು ಯಜಮಾನರಿಂದಲೇ ಮಾತು ತೆಗೆದುಕೊಂಡವಳು ನಾನು. ಮಗ ಸೊಸೆಯ ಕೋಣೆ ಮಹಡಿಯ ಆ ಕಡೆಗಿದೆ. ಚಿಕ್ಕವರು ಹಿರಿಯರ ತಲೆಯ ಮೇಲೆ ಕಾಲು ಚಾಚಿ ಮಲಗುವ ಪದ್ಧತಿ ನಮ್ಮಲ್ಲಿಲ್ಲ. ಈಗ ರೇವಮ್ಮ ಮೇಲೆ, ನಾನು ಕೆಳಗೆ. ಪಕ್ಕದ ಕ್ಯಾಬಿನ್ನಿನಲ್ಲಿ ಯಶೋದಮ್ಮ.

ಅಕ್ಕಪಕ್ಕದಲ್ಲಿ ಎರಡು ಮಂಚವಿರುವ ಕ್ಯಾಬಿನ್ನನ್ನೇ ಹುಡುಕಬೇಕೆಂದು ನಜೀರರಿಂದ ಅಲ್ಲೇ ತಂತಿ ಬರೆಸಿದೆ.

ನವೆಂಬರ್ ೨೦, ಭಾನುವಾರ

ಉತ್ತರ ಬರುವವರೆಗೆ ಸುಮ್ಮನೆ ಕೂರುವುದೇಕೆಂದು ನಜೀರರ ತಾಯಿ ಬಿಬಿ ಜಾನ್ ಅವರನ್ನು ನೋಡಿಬಂದೆ. ಆಕೆ ಹಡಗಿನಲ್ಲಿ ಹಜ್ಜಿಗೆ ಹೋಗಿಬಂದವರು. ನನಗಿಂತ ಹತ್ತು ವರ್ಷ ಹಿರಿಯರು. ಮನೆಯಲ್ಲಿ ಆಕೆಯದೇ ಮಾತು ನಡೆಯುತ್ತದೆಂದು ಹೊಸಿಲಲ್ಲೇ ತಿಳಿಯಿತು. ಮಗ ನಜೀರರು ಚಪ್ಪಲಿಯನ್ನು ಸದ್ದಿಲ್ಲದೆ ಬಿಟ್ಟರು. ನನಗೆ ಮೆಚ್ಚಿಕೆಯಾಯಿತು.

ಆಕೆ ಹೋದ ಹಡಗಿನಲ್ಲೂ ಮಂಚದ ಮೇಲೆ ಮಂಚವಂತೆ. ಮೇಲೆ ಸೊಸೆ, ಕೆಳಗೆ ತಾವು. ಮೊದಲ ಮೂರು ದಿನ ಸೊಸೆ ಉಂಡದ್ದೆಲ್ಲ ಅತ್ತೆಯ ತಲೆಗೇ ಅಭಿಷೇಕ. ಆಕೆ ಅದನ್ನು ಹೇಳುವಾಗ ಸೊಸೆ ನನಗೆ ಪಾನಕ ಕೊಡುತ್ತಿದ್ದಳು. ನಗು ತಡೆಯಲಾರದೆ ಒಳಗೆ ಓಡಿದಳು. ನಿಂಬೆಕಾಯಿ ಉಪ್ಪಿನಕಾಯಿ ಎರಡು ಜಾಡಿ ಇಟ್ಟುಕೊಳ್ಳಲು ಹೇಳಿದರು.

ನನ್ನ ಕಷ್ಟ ತಿಳಿಸಿದೆ. ಬಿಬಿ ಜಾನ್ ಎಲೆಗೆ ಸುಣ್ಣ ಸವರುತ್ತಾ, "ಜೊತೇಲಿ ಬರೋಳು ಯಾರು ಅಂತ ಮೊದಲು ನೋಡ್ಕೊ ತಾಯಿ. ಮಂಚದ ಮಾತು ಆಮೇಕೆ" ಎಂದರು. ಬರುವವಳು ನಮ್ಮ ರೇವಮ್ಮ, ಅದರಲ್ಲಿ ನೋಡುವುದೇನಿದೆ ಎಂದೆ. ಆಕೆ ಎಲೆ ಮಡಿಸಿ ಕೊಟ್ಟರು.

ನವೆಂಬರ್ ೨೪, ಗುರುವಾರ

ಕಂಪನಿಯ ಉತ್ತರ ಬಂತು. ದಿಕ್ಕಿನ ವಿಚಾರವಾಗಿ ವಿಷಾದಿಸುತ್ತಾರಂತೆ. ಅಕ್ಕಪಕ್ಕದ ಮಂಚವಿರುವ ಕ್ಯಾಬಿನ್ನು ಒಂದೇ ಉಳಿದಿದೆ: ನಂಬರು ಎಪ್ಪತ್ತೆರಡು. ಹಡಗಿನ ಒಳಮಗ್ಗುಲಿಗೆ, ಎಂಜಿನ್ನಿನ ಹತ್ತಿರ. ಕಿಟಕಿ ಇಲ್ಲ. ಹಗಲೂ ಕರೆಂಟಿನ ದೀಪ.

ನನಗೆ ಸಮಾಧಾನವಾಯಿತು. ಸಮುದ್ರ ನೋಡಬೇಕೆಂದರೆ ಮೆಟ್ಟಿಲು ಹತ್ತಿ ಮೇಲೆ ಹೋಗಿ ನೋಡಬಹುದು; ಹಾಸಿಗೆಯಲ್ಲಿ ಬಿದ್ದುಕೊಂಡೇ ನೋಡಬೇಕೆಂದಿಲ್ಲ. ಎಪ್ಪತ್ತೆರಡನ್ನೇ ಮಾಡಿಸಿ ಎಂದು ನಜೀರರಿಗೆ ಹೇಳುತ್ತಿದ್ದೆ. ರೇವಮ್ಮ ಮಜ್ಜಿಗೆ ತಂದಳು. ಲೋಟ ಇಟ್ಟವಳು ಒಳಗೆ ಹೋಗಲಿಲ್ಲ. ನಜೀರರ ಎದುರಿಗೇ ಹೇಳಿದಳು.

"ಕತ್ಲೆ ಕೋಣೇಲಿ ಮಲೀಕಳಾಕೆ ಅಷ್ಟು ದೂರ ಯಾಕ್ ಓಗ್ಬೇಕು ಅತ್ಗಮ್ಮ? ನಮ್ಮ ಉಗ್ರಾಣ್ವೇ ಐತಲ್ಲ. ನಾ ಬರಾಕಿಲ್ಲ."

ಮೂವತ್ತೇಳು ವರ್ಷದಲ್ಲಿ ಅವಳು ಆಗುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ನಜೀರರು ಮಜ್ಜಿಗೆಯೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಾ ಕೂತರು. ಟಿಕೆಟ್ಟಿನ ಮಾತನ್ನು ಸದ್ಯಕ್ಕೆ ನಿಲ್ಲಿಸಿ ಕಳಿಸಿದೆ.

ನವೆಂಬರ್ ೨೫, ಶುಕ್ರವಾರ

ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತು. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ. ರೇವಮ್ಮನ ಅಡಿಗೆ ಇಷ್ಟು ತಪ್ಪಿಲ್ಲದೆ ಆಗುವುದು ಸಿಟ್ಟು ಬಂದಾಗ ಮಾತ್ರ. ಸಿಟ್ಟು ಎಷ್ಟಿದೆಯೆಂದು ಅದರಲ್ಲೇ ತಿಳಿಯುತ್ತದೆ.

ನಾನೂ ಮಾತಾಡಿಲ್ಲ.

ನವೆಂಬರ್ ೨೬, ಶನಿವಾರ

ಮಾತಿಲ್ಲ.

ನವೆಂಬರ್ ೨೭, ಭಾನುವಾರ

ಮಗ ಸಿದ್ದರಾಮು ವಕೀಲ. ಎಲ್ಲರಿಗೂ ಹೇಳಿಕೊಡುವಂತೆ ನನಗೂ ಒಂದು ಉಪಾಯ ಹೇಳಿಕೊಡಲು ಬಂದ. ಕಂಪನಿಯ ಪುಸ್ತಕವನ್ನು ಓದಿ ನೋಡಿದ್ದಾನೆ. ಮೇಲಿನ ದರ್ಜೆಯವರು ತಮ್ಮ ಆಳನ್ನು ಕರೆದೊಯ್ಯಬಹುದಂತೆ. ಆಳುಗಳಿಗೆ ತಳದಲ್ಲಿ ಬೇರೆಯೇ ಜಾಗ.

"ಅತ್ತೇನ ಆಯಾ ಅಂತ ಬರೆಸ್ಬುಡವ್ವ. ಅವ್ರು ಕೆಳಗೆ ಮಲೀಕತಾರೆ, ನೀನು ಕಿಟಕಿ ಕೋಣೇಲಿ ಒಬ್ಳೇ. ನಿನ್ನ ತಲೆ ಮ್ಯಾಲೂ ಯಾರೂ ಇಲ್ಲ."

ಎಲ್ಲವೂ ಬಗೆಹರಿಯುತ್ತದೆ. ನಾನು ಅವನನ್ನು ನೋಡಿದೆ. ಇವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವನಿಗೆ ಸಿಡುಬು ಬಂದಾಗ ಇಪ್ಪತ್ತೊಂದು ದಿನ ಬೇವಿನ ಸೊಪ್ಪು ಹಿಡಿದು ಕೂತವಳು ಅವಳು. ನನ್ನನ್ನು ಯಜಮಾನರು ಹತ್ತಿರ ಬಿಟ್ಟಿರಲಿಲ್ಲ.

"ಲೇ, ನಿಡಘಟ್ಟದ ಪಟೇಲರ ಮಗಳು ಅವಳು" ಎಂದೆ. "ನಾನು ಈ ಮನೆತನಕ್ಕೆ ಬಂದು ಸೇರಿದೋಳು. ಅವಳು ಅದ್ರಲ್ಲೇ ಹುಟ್ಟಿದೋಳು. ಕಾನೂನು ಓದಿ ಇಷ್ಟೇನಾ ನೀನು ಕಲ್ತಿದ್ದು?"

ಹೋದ. ಮನೆತನದ ಮರ್ಯಾದೆಯ ಪ್ರಶ್ನೆಯಾದ್ದರಿಂದ ಹಾಗೆ ಹೇಳಬೇಕಾಯಿತು. ಬೇರೆ ಏನಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ಆಮೇಲೆ ನನ್ನ ಗಮನಕ್ಕೆ ಬಂತು. ರಾತ್ರಿ ಊಟಕ್ಕೆ ಮುದ್ದೆಯಲ್ಲಿ ಎರಡು ಗಂಟು.

ಡಿಸೆಂಬರ್ ೧, ಗುರುವಾರ

ಇನ್ನೊಂದು ದಾರಿ ಹೊಳೆದಿದೆ, ಮೊದಲೇ ಹೊಳೆಯಬೇಕಿತ್ತು. ಮೇಲಿನ ಮಂಚದಲ್ಲಿ ನಾನೇ ಮಲಗುವುದು. ಮೂವತ್ತೊಂದನೆಯ ಕ್ಯಾಬಿನ್ನೇ ಸಿಗುತ್ತದೆ, ತಲೆಯ ಮೇಲೆ ಯಾರೂ ಇರುವುದಿಲ್ಲ, ಕಿಟಕಿಯೂ ಕೋಣೆಗೆ ಬರುತ್ತದೆ. ಏಣಿ ಹತ್ತುವುದೇನು ದೊಡ್ಡ ವಿದ್ಯೆಯೇ?

ಬಡಗಿ ಅಂಕಯ್ಯನನ್ನು ಕರೆಸಿ ಪಡಸಾಲೆಯಲ್ಲಿ ಗೋಡೆಗೆ ಸೇರಿಸಿ ಕಂಪನಿಯ ಅಳತೆಯಲ್ಲೇ ಎರಡು ಮಂಚ ಹೊಡೆಸಿದೆ. ಕೆಳಗೊಂದು ಮೇಲೊಂದು, ನೆಟ್ಟಗಿನ ಏಣಿ. ಯಾರಿಗೆ ಎಂದು ಕೇಳಿದ. ನನಗೆ ಎಂದೆ. ಹಲಗೆ ಬದಲಾಯಿಸಿ ದಪ್ಪನೆಯದನ್ನು ಹಾಕಿದ. ಅದನ್ನು ಗಮನಿಸಿದೆ; ಅವನ ಕೂಲಿ ಕೊಡುವಾಗ ಮುಖ ಕೊಡಲಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಹತ್ತಿದೆ. ಹತ್ತಿದ್ದು ನಿಜ. ಸೀರೆಯ ನೆರಿಗೆಯನ್ನು ಒಂದು ಕೈಲಿ ಹಿಡಿದು ಐದು ಮೆಟ್ಟಿಲೂ ಹತ್ತಿ, ಮಂಚದ ಮೇಲೆ ಮೊದಲು ಮಂಡಿ, ಆಮೇಲೆ ಉಳಿದದ್ದು. ಚಾವಣಿಯ ತೊಲೆಗಳನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಇಳಿಯುವುದು ಹೇಗೆಂದು ಆಗ ಯೋಚಿಸಿದೆ. ಒಂದು ಕಾಲನ್ನು ಏಣಿಗೆ ಚಾಚಿದರೆ ಏಣಿ ಸಿಗಲಿಲ್ಲ. ಇನ್ನೊಂದು ಕಾಲನ್ನು ಚಾಚಿದರೆ ಮೊದಲನೆಯದು ವಾಪಸು ಬರಲಿಲ್ಲ. ಬೆನ್ನು ಮೇಲಾಗಿ, ಒಂದು ಕಾಲು ಗಾಳಿಯಲ್ಲಿ, ಹತ್ತು ನಿಮಿಷವಾದರೂ ಹಾಗೇ ಇದ್ದೆ. ಅರುವತ್ತು ಎಕರೆಯ ಯಜಮಾನಿ. ಕೂಗಿದರೆ ಮೊದಲು ಬರುವವನು ಕಬ್ಬಿನ ಗಾಡಿಯವನು.

ರೇವಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಏಳು ದಿನದ ಮೇಲೆ ಅವಳಾಡಿದ ಮೊದಲ ಮಾತು, "ಮಕ ಗ್ವಾಡೆ ಕಡೀಕೆ ತಿರುಗಿಸ್ಕೊಳ್ಳಿ ಅತ್ಗಮ್ಮ. ಹಿಂದ್ಹಿಂದಕ್ಕೆ ಇಳೀಬೇಕು." ಬಂದು ನನ್ನ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟಳು.

ನೆಲಕ್ಕೆ ಬಂದ ಮೇಲೆ ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಗದರಿದೆ.

"ದಿನಾ ರಾಗಿ ತರಾಕೆ ಅಟ್ಟ ಅತ್ತೋಳು ಯಾರು? ಈ ಮನೆ ಕಟ್ಟಿಸ್ದಾಗ್ನಿಂದ ನಿಮ್ಮ ತಲೆ ಮ್ಯಾಲೇ ಓಡಾಡ್ತಾ ಇವ್ನಿ. ಮಲಗ್ನಿಲ್ಲ, ಅಷ್ಟೇಯ."

ಹೇಳಿ ನಕ್ಕಳು. ಅವಳ ಕೆಳಗಿನ ಹಲ್ಲೊಂದು ಬಿದ್ದುಹೋಗಿದೆ. ಯಾವಾಗ ಬಿತ್ತೋ, ನಾನು ನೋಡಿರಲಿಲ್ಲ.

ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಮೂರೇ ಹೆಜ್ಜೆಗೆ ಮೇಲೆ ಹತ್ತಿ ಕೂತಳು. ಪಡಸಾಲೆಯ ಗವಾಕ್ಷಿ ಅವಳ ಮುಖದ ಮಟ್ಟಕ್ಕೆ ಬಂತು. ನಾಲೆಯ ನೀರು ಕಾಣುತ್ತದೆ, ಸಕ್ಕರೆ ಕಾರ್ಖಾನೆಯ ಹೊಗೆ ಕಾಣುತ್ತದೆ, ರೈಲು ಬಂತು, ಹೊಸ ಬಸ್ಸು ನೀಲಿ ಬಣ್ಣದ್ದು ಎಂದು ಒಂದೊಂದನ್ನೇ ನನಗೆ ಹೇಳತೊಡಗಿದಳು. ಇಳಿ ಎಂದೆ. ಇರಿ ಅತ್ಗಮ್ಮ, ಇನ್ನೊಂದು ಗಳಿಗೆ ಎಂದಳು.

ನಾನು ಏಣಿ ಹಿಡಿದು ನಿಂತೆ. ಏಣಿ ಅಲ್ಲಾಡುತ್ತಿತ್ತು. ಅಂಕಯ್ಯನ ಕೆಲಸವೇ ಹಾಗೆ.

ಡಿಸೆಂಬರ್ ೨, ಶುಕ್ರವಾರ

ಮಂಚ ಬಿಚ್ಚಲು ಅಂಕಯ್ಯನಿಗೆ ಹೇಳಿಕಳಿಸಬೇಕಿತ್ತು. ಮರೆತೆ.

ಡಿಸೆಂಬರ್ ೪, ಭಾನುವಾರ

ಇವತ್ತೂ ಮರೆತೆ. ಊಟವಾದ ಮೇಲೆ ರೇವಮ್ಮ ಮೇಲೆ ಹತ್ತಿ ಗವಾಕ್ಷಿಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ದಿನದಿಂದ ಇದೇ ನಡೆದಿದೆ. ಕೆಳಗಿನ ಹಲಗೆ ಗಟ್ಟಿಯಿದೆಯೋ ಇಲ್ಲವೋ ಎಂದು ಯಾರಾದರೂ ಪರೀಕ್ಷಿಸಬೇಕಲ್ಲ. ನಾನು ಮಲಗಿ ಪರೀಕ್ಷಿಸಿದೆ. ಮೇಲಿನ ಹಲಗೆ ಒಮ್ಮೆ ಕಿರ್ರೆಂದಿತು, ಆಮೇಲೆ ಅವಳ ಉಸಿರು ಕೇಳಿಸಿತು. ನಿದ್ದೆಯಲ್ಲಿ ಅವಳು ಸಣ್ಣಗೆ ಸಿಳ್ಳೆ ಹಾಕುತ್ತಾಳೆ.

ನನಗೆ ಎಚ್ಚರವಾದಾಗ ನಾಲ್ಕೂವರೆ. ಹಗಲಲ್ಲಿ ಮಲಗುವ ಅಭ್ಯಾಸ ನನಗಿಲ್ಲ. ಹಲಗೆ ಗಟ್ಟಿಯಿದೆ.

ಡಿಸೆಂಬರ್ ೫, ಸೋಮವಾರ

ಬೆಳಿಗ್ಗೆ ಅಡಿಗೆಮನೆಯ ಹೊಸಿಲಿನಲ್ಲಿ ನಿಂತು, "ರೇವಮ್ಮ, ಹಡಗಿಗೆ ಬತ್ತೀಯಾ? ಕಿಟಕಿ ಕೋಣೆ. ನೀನು ಮೇಲೆ" ಎಂದೆ.

ಅವಳು ಒಲೆಯಿಂದ ತಿರುಗಲಿಲ್ಲ. "ಕೇಳ್ತಾ ಇದ್ದೀರೋ, ಯೋಳ್ತಾ ಇದ್ದೀರೋ?"

ಈ ಮನೆಯಲ್ಲಿ ಅಂಥ ಪ್ರಶ್ನೆ ಈವರೆಗೆ ಎದ್ದಿರಲಿಲ್ಲ. "ಕೇಳ್ತಾ ಇದ್ದೀನಿ" ಎಂದೆ.

"ಹಂಗಾರೆ ಬತ್ತೀನಿ" ಎಂದು ಬೆಂಕಿ ಊದಿದಳು. ಹೊಗೆ ಜಾಸ್ತಿಯಿತ್ತು; ಇಬ್ಬರ ಕಣ್ಣಲ್ಲೂ ನೀರು ಬಂತು.

ಜಟಕಾ ಕಟ್ಟಿಸಿಕೊಂಡು ನಾನೇ ನಜೀರರ ಅಂಗಡಿಗೆ ಹೋದೆ. ಕಂಪನಿಯ ಫಾರಮ್ಮನ್ನು ತೆಗೆದುಕೊಟ್ಟು, ಅವರೇ ಬರೆಯುತ್ತೇನೆಂದರು. ನಾನು ಪೆನ್ನು ಈಸಿಕೊಂಡೆ. ಕ್ಯಾಬಿನ್ ನಂಬರು ಮೂವತ್ತೊಂದು. ಕೆಳಗಿನ ಮಂಚ, ದೊಡ್ಡತಾಯಮ್ಮ. ಮೇಲಿನ ಮಂಚ, ರೇವಮ್ಮ. ನಜೀರರು ಅದನ್ನು ಎರಡು ಸಲ ಓದಿ, "ಅಮ್ಮಾವ್ರೆ, ಮ್ಯಾಲಿಂದು ಅವ್ರಿಗೇನಾ?" ಎಂದರು. ಮೇಲಿದ್ದವರು ಬಿದ್ದರೆ ಕಂಪನಿಗೆ ತೊಂದರೆ, ಆಕೆ ಬೀಳುವವಳಲ್ಲ ಎಂದೆ. ಆಡಳಿತ ಮಾಡುವವರು ನೆಲದ ಮೇಲೇ ಇರಬೇಕು ಎಂದೂ ಹೇಳಿದೆ. ಅವರು ಒಪ್ಪಿ ತಲೆಯಾಡಿಸಿದರು. ಒಪ್ಪದಿದ್ದರೂ ಆಡಿಸುತ್ತಿದ್ದರು.

ಇಬ್ಬರೂ ಒಬ್ಬರಿಗೊಬ್ಬರು ಏನಾಗಬೇಕೆಂದು ಫಾರಮ್ಮಿನ ಕೊನೆಯಲ್ಲಿ ಕೇಳಿದ್ದಾರೆ. ಬಿಟ್ಟಿರುವ ಗೆರೆ ಚಿಕ್ಕದು. ನಾದಿನಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಮಾತಿನಷ್ಟು ಉದ್ದದ ಹೆಸರಿದೆ. ನನ್ನ ಅಕ್ಷರವೂ ದಪ್ಪ. ಮೊದಲ ಮಾತಾದ 'ಸಿಸ್ಟರ್' ಅನ್ನು ಬರೆದೆ. ತಂಗಿ ಎಂದಷ್ಟೇ ಆಯಿತು. ನಜೀರರು ಪಕ್ಕದಲ್ಲಿ ಇನ್ನೂ ಅರ್ಧ ಅಂಗುಲ ಜಾಗವಿದೆಯೆಂದು ಬೆರಳಿಟ್ಟು ತೋರಿಸಿದರು. ಅಲ್ಲಿ ಚುಕ್ಕೆ ಇಟ್ಟು ಸಹಿ ಮಾಡಿದೆ. ಲಕೋಟೆ ಅಂಟಿಸಿ ನನ್ನೆದುರಿಗೇ ಟಪಾಲಿಗೆ ಹಾಕಿಸಿದೆ. ಮಧ್ಯಾಹ್ನದ ಬೆಂಗಳೂರು ರೈಲಿಗೆ ಹೋಯಿತು.